ಮೊಳೆಯ ಮೇಲಿನ ಅಂಗಿ

ಸ್ಟೇಷನ್ನಿನ ಹಿಂದಿನ ಕೋಣೆ. ಬಾಗಿಲ ಹಿಂದೆ ಒಂದು ಮೊಳೆ. ಮೊಳೆಗೆ ಒಂದು ಖಾಕಿ ಅಂಗಿ. ಎದೆಯ ಹತ್ತಿರ ಎರಡು ತೂತು, ಹೆಸರಿನ ಪಟ್ಟಿ ಕಿತ್ತದ್ದು. ಅದನ್ನು ಮೊದಲು ತೊಟ್ಟಿದ್ದ ಹೆಣ್ಣು ಪೇದೆ ಯಾವ ಕಾಲದಲ್ಲೋ ವರ್ಗವಾಗಿ ಹೋದಳು. ಅವಳ ಜಾಗಕ್ಕೆ ಇನ್ನೊಬ್ಬಳು ಬರಲಿಲ್ಲ. ಅಂಗಿ ಮಾತ್ರ ಉಳಿಯಿತು.

ಬೇರೆ ದಿನಗಳಲ್ಲಿ ಅದು ಮೊಳೆಯ ಮೇಲೆ. ಹೆಂಗಸೊಬ್ಬಳನ್ನು ಹಿಡಿದು ತಂದ ದಿನ ಕಸದವಳ ಮೈಮೇಲೆ.

ಹೆಂಗಸಿನ ಮೈ ಮುಟ್ಟಬೇಕಾದರೆ ಹೆಂಗಸೇ ಮುಟ್ಟಬೇಕು ಅನ್ನುತ್ತದೆ ಕಾನೂನು. ಒಳ್ಳೆಯ ಕಾನೂನು, ಯಾರು ಬೇಡ ಅಂದರು? ಆದರೆ ಅದಕ್ಕೊಬ್ಬ ಹೆಂಗಸನ್ನು ನೇಮಿಸಿಕೊಳ್ಳಿ ಅಂದರೆ ಎಲ್ಲರ ಬಾಯಿಗೂ ಬೀಗ. ಹಾಗಾಗಿ ಲಾಕಪ್ಪು ತೊಳೆಯುತ್ತಿದ್ದವಳಿಗೆ ಒಂದು ಕೂಗು ಬೀಳುತ್ತಿತ್ತು. "ಏಯ್, ಪೊರಕೆ ಇಡು. ಅಂಗಿ ಹಾಕ್ಕೊಂಡು ಬಾ." ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅಂಗಿ ತೊಟ್ಟು ಬರುತ್ತಿದ್ದಳು. ಹಿಡಿದು ತಂದವಳ ಕೂದಲಿನಲ್ಲಿ, ಬಟ್ಟೆಯ ಅಂಚಿನಲ್ಲಿ, ಬಾಯಿಯೊಳಗೆ ಕೈ ಹಾಕಿ ಹುಡುಕುತ್ತಿದ್ದಳು. ಕುಡಿದವಳ ವಾಂತಿ ಬಳಿದಳು. ಹುಚ್ಚು ಹಿಡಿದವಳ ಒದೆ ತಿಂದಳು. ಹೊಳೆಯಲ್ಲಿ ಉಬ್ಬಿದ ಹೆಣ ತೇಲಿಬಂದರೆ ಗಂಡಸರೆಲ್ಲ ಮೂಗಿಗೆ ಕರವಸ್ತ್ರ ಹಿಡಿದು ದಡದಲ್ಲಿ ನಿಂತರು, ಇವಳು ಸೊಂಟದವರೆಗೆ ನೀರಿಗಿಳಿದು ಎಳೆದಳು. ರಸ್ತೆಬದಿಯ ವ್ಯಾಪಾರದ ಹೆಂಗಸರನ್ನು ಎಬ್ಬಿಸುವಾಗ ಒಬ್ಬಳು ಕಚ್ಚಿದ್ದ ಹಲ್ಲಿನ ಗುರುತು ಇವತ್ತಿಗೂ ಅವಳ ಮಣಿಕಟ್ಟಿನಲ್ಲಿದೆ.

"ಮಹಿಳಾ ಸಿಬ್ಬಂದಿಯ ಸಮ್ಮುಖದಲ್ಲಿ ತಪಾಸಣೆ ನಡೆಸಲಾಯಿತು." ಸ್ಟೇಷನ್ನಿನ ಬರವಣಿಗೆ ನೋಡಿಕೊಳ್ಳುವ ಹಳೆಯ ಪೇದೆ ಹೀಗೆ ಬರೆದು ಹೆಡ್ ಆಫೀಸಿಗೆ ಕಳಿಸುತ್ತಿದ್ದ. ಅವನನ್ನು ಎಲ್ಲರೂ ರೈಟರ್ ಅನ್ನುತ್ತಾರೆ. ಅವನು ಇದನ್ನು ಬರೆಯುವ ಹೊತ್ತಿಗೆ ಆ ಮಹಿಳಾ ಸಿಬ್ಬಂದಿ ಅಂಗಿ ಬಿಚ್ಚಿ ಮೊಳೆಗೆ ಹಾಕಿ ಕಕ್ಕಸು ತೊಳೆಯುತ್ತಿರುತ್ತಿದ್ದಳು. ಅವಳು ಟೀ ಕುಡಿಯುವ ಲೋಟವನ್ನೂ ಕಕ್ಕಸಿನ ಕಿಟಕಿಯಲ್ಲೇ ಇಟ್ಟಿದ್ದರು. ಒಳಗಿನ ಲೋಟಗಳ ಜೊತೆ ಅದು ಬೆರೆಯಬಾರದಂತೆ.

ಸ್ಟೇಷನ್ನಿನಲ್ಲಿ ಅವಳ ಹೆಸರು ಕಸದವಳು. ಅವಳ ಓಣಿಯಲ್ಲಿ ಅರ್ಧ ಪೊಲೀಸಮ್ಮ. ಓಣಿಯವರು ನಗೆಚಾಟಿಕೆಗೆ ಇಟ್ಟ ಹೆಸರು. ಆದರೂ ಆ ಹೆಸರಿನಲ್ಲಿ ಒಂದಿಷ್ಟು ಮರ್ಯಾದೆಯಿತ್ತು, ನಾವೂ ಹಾಗೇ ಕರೆಯೋಣ.

ಅರ್ಧ ಪೊಲೀಸಮ್ಮ ಒಂದು ಕಾಲಕ್ಕೆ ಪೂರ್ತಿ ಪೊಲೀಸಾಗಬೇಕೆಂದೇ ಆ ಮೆಟ್ಟಿಲು ಹತ್ತಿದವಳು. ಆಗ ಗಟ್ಟಿಮುಟ್ಟಾದ ಹುಡುಗಿ. ಓಡುತ್ತಿದ್ದಳು, ಮರ ಹತ್ತುತ್ತಿದ್ದಳು, ಎರಡು ಕೊಡ ನೀರು ಹೊತ್ತು ದಿಬ್ಬ ಏರುತ್ತಿದ್ದಳು. ಮೇಜಿನ ಹಿಂದೆ ಕೂತಿದ್ದವನು ಅರ್ಜಿ ನೋಡಿ ಹಲ್ಲುಕಿರಿದ. "ಇಪ್ಪತ್ತೈದು ದಾಟಿದೆಯಲ್ಲೇ. ಪೊಲೀಸ್ ಕೆಲಸಕ್ಕೆ ವಯಸ್ಸಿನ ಮಿತಿ ಇದೆ. ಕಸ ಗುಡಿಸೋಕೆ ಮಿತಿ ಇಲ್ಲ. ಬೇಕಾದ್ರೆ ನಾಳೆಯಿಂದ ಬಾ."

ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ಮಾರನೆಯ ದಿನ ಬಂದಳು. ಹೊಟ್ಟೆ ಕೇಳಬೇಕಲ್ಲ.

ಅಂದಿನಿಂದ ಎಷ್ಟು ಸಾಹೇಬರು ಬಂದರು, ಎಷ್ಟು ಸಾಹೇಬರು ಹೋದರು. ಗಂಡ ಬೇಗ ಸತ್ತ. ಮಗಳು ಬೆಳೆದಳು. ಅಂಗಿ ಮೊದಲು ಬಿಗಿಯಾಗುತ್ತಿತ್ತು, ಈಗ ಜೋತಾಡುತ್ತದೆ.

ಮಗಳದು ಬೇರೆ ಕಥೆ. ಬೇರೆ ಕಥೆ ಎಲ್ಲಿಂದ ಬಂತು, ಅದೇ ಕಥೆ. ಚಿಕ್ಕವಳಿದ್ದಾಗ ಅಮ್ಮನನ್ನು ಒಮ್ಮೆ ಖಾಕಿಯಲ್ಲಿ ನೋಡಿ ಓಣಿಯಲ್ಲೆಲ್ಲ ಡಂಗುರ ಹೊಡೆದಿದ್ದಳು, ನಮ್ಮಮ್ಮ ಪೊಲೀಸು ಅಂತ. ಇನ್ನೊಂದು ದಿನ ಬಾಗಿಲಲ್ಲಿ ನಿಂತು ಅಮ್ಮ ಮಂಡಿಯೂರಿ ಲಾಕಪ್ಪಿನ ನೆಲ ಉಜ್ಜುವುದನ್ನು ನೋಡಿದಳು. ಮನೆಗೆ ಬಂದು ಒಂದೇ ಮಾತು ಹೇಳಿದಳು. "ನಾನು ಮೊಳೆ ಮೇಲಿನ ಅಂಗಿ ಹಾಕಲ್ಲ. ನನ್ನ ಅಳತೆಗೆ ಹೊಲಿಸಿದ್ದು, ನನ್ನ ಹೆಸರಿರೋದು ಹಾಕ್ತೀನಿ."

ಮಾತು ಹೇಳಿ ಸುಮ್ಮನೆ ಕೂರುವ ಪೈಕಿಯಲ್ಲ ಅವಳು. ಸಾಬೂನು ಕಾರ್ಖಾನೆಯಲ್ಲಿ ಪೆಟ್ಟಿಗೆ ತುಂಬುವ ಕೆಲಸ. ಅದಕ್ಕೆ ಮೊದಲು, ಬೆಳಗಾಗುತ್ತಿದ್ದ ಹಾಗೆ, ರೈಲು ಹಳಿಯ ಪಕ್ಕದ ಮಣ್ಣುದಾರಿಯಲ್ಲಿ ಓಟ. ಬೂಟಿನ ಮುಂಭಾಗ ಬಾಯಿ ಬಿಟ್ಟರೆ ಹೊಲಿದುಕೊಂಡು ಓಡಿದಳು. ಜ್ವರ ಬಂದರೂ ಓಡಿದಳು. ನಾಯಿ ಅಟ್ಟಿಸಿಕೊಂಡು ಬಂದರೆ, ಪರವಾಗಿಲ್ಲ, ಇನ್ನೂ ಜೋರಾಗಿ ಓಡಿದೆ ಅಂತ ನಕ್ಕಳು.

ಇಲಾಖೆ ಮಾತ್ರ ಓಡಲಿಲ್ಲ. ನೇಮಕಾತಿ ಈ ವರ್ಷ ಅಂದರು. ಚುನಾವಣೆ ಬಂತು ಅಂದರು. ಕೋರ್ಟಿನಲ್ಲಿ ತಡೆ ಅಂದರು. ಬೊಕ್ಕಸದಲ್ಲಿ ಹಣವಿಲ್ಲ ಅಂದರು. ಮತ್ತೆ ಚುನಾವಣೆ ಬಂತು. ವರ್ಷಗಳು ಹೋದವು. ಕೊನೆಗೆ ಅರ್ಜಿ ಕರೆದಾಗ ಅದೇ ಹಳೆಯ ಮಿತಿ, ಇಪ್ಪತ್ತೈದು. ಮಗಳಿಗೆ ಅಷ್ಟರಲ್ಲಿ ಇಪ್ಪತ್ತಾರು ತುಂಬಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಅದೂ ಅಲ್ಲ. ಹಲ್ಲೂ ಇತ್ತು, ಕಡಲೆಯೂ ಇತ್ತು. ಕಡಲೆ ಚೀಲದ ಮೇಲೆ ಇಲಾಖೆ ಕುಂಡೆಯೂರಿ ಕೂತಿತ್ತು.

ಹಾಗೆ ವಯಸ್ಸು ಮೀರಿಸಿಕೊಂಡ ಹುಡುಗಿಯರು ಊರ ತುಂಬ ಇದ್ದರು. ತಡ ಮಾಡಿದ್ದು ನೀವು, ಮಿತಿ ಸಡಿಲಿಸಿ ಅಂತ ಕೇಳಿಕೊಂಡು ಕಚೇರಿಯಿಂದ ಕಚೇರಿಗೆ ತಿರುಗಿದರು. ಯಾರೂ ಮುಖ ಕೊಡಲಿಲ್ಲ.

ಆ ವಾರ ಸ್ಟೇಷನ್ನಿನಲ್ಲಿ ಸಮಾರಂಭ. ಇಡೀ ಊರಿನ ಪೊಲೀಸರ ಮೇಲಿನ ದೊಡ್ಡ ಸಾಹೇಬರಿಗೆ ಅರವತ್ತು ತುಂಬಿತ್ತು. ನಿವೃತ್ತಿಯಾಗಬೇಕಿತ್ತು. ಆದರೆ ಸರ್ಕಾರ ಅವರಿಗೆ ಇನ್ನೆರಡು ವರ್ಷ ಅವಧಿ ವಿಸ್ತರಿಸಿತ್ತು. ಅದಕ್ಕೆ ಅಭಿನಂದನೆ. ಅರ್ಧ ಪೊಲೀಸಮ್ಮ ಸ್ಟೂಲು ಹತ್ತಿ ಫ್ಯಾನಿನ ಧೂಳು ಒರೆಸಿದಳು. ಕುರ್ಚಿ ಹೊತ್ತು ಹಾಕಿದಳು. ದೊಡ್ಡ ಸಾಹೇಬರ ಫೋಟೋ ಇರುವ ಬ್ಯಾನರ್ ಕಟ್ಟಿದಳು. "ಅನುಭವಕ್ಕೆ ವಯಸ್ಸಿಲ್ಲ" ಅಂತ ಅದರ ಮೇಲೆ ಬರೆದಿತ್ತು. ಭಾಷಣ ಮುಗಿಯಿತು, ಚಪ್ಪಾಳೆ ಮುಗಿಯಿತು, ಕಾರುಗಳು ಹೋದವು. ಅವಳು ಎಂಜಲು ತಟ್ಟೆ ಬಳಿಯುತ್ತಿದ್ದಾಗ ಸ್ಟೇಷನ್ನಿನ ಸಾಹೇಬ ಕರೆದ. ಚಿಕ್ಕ ವಯಸ್ಸಿನವನು. ಹೊಸದಾಗಿ ಬಂದವನು.

"ನಿನಗೆ ಅರವತ್ತಾಯ್ತಂತೆ?"

"ಆಗಿರ್ಬೇಕು ಸಾಹೇಬ್ರೆ. ಯಾಕೆ?"

"ಮೇಲಿಂದ ಆರ್ಡರ್ ಬಂದಿದೆ. ಅರವತ್ತಾದೋರು ಯಾರೂ ಸ್ಟೇಷನ್ನಲ್ಲಿ ಇರೋ ಹಾಗಿಲ್ಲ. ನಾಳೆಯಿಂದ ಬರ್ಬೇಡ."

ಅವಳು ತಟ್ಟೆಗಳನ್ನು ಕೆಳಗಿಟ್ಟಳು. "ಅದು ಪೊಲೀಸ್‌ನೋರಿಗೆ ಅಲ್ವಾ?"

"ಎಲ್ರಿಗೂ."

"ನನ್ನನ್ನ ಸೇರಿಸ್ಕೊಂಡೇ ಇಲ್ಲ ಸಾಹೇಬ್ರೆ. ತೆಗೆಯೋದು ಹೇಗೆ?"

ರೈಟರ್ ಕೆಮ್ಮಿದ. ಸುಮ್ಮನಿರು ಅನ್ನುವ ಕೆಮ್ಮು. ಅವಳು ಸುಮ್ಮನಿರಲಿಲ್ಲ.

"ಸೇರೋಕೆ ಬಂದಾಗ ವಯಸ್ಸು ಜಾಸ್ತಿಯಾಯ್ತು ಅಂದ್ರಿ. ಕಸ ಗುಡಿಸೋಕೆ ವಯಸ್ಸಿನ ಮಿತಿ ಇಲ್ಲ ಅಂದ್ರಿ. ಇದೇ ಮೇಜಿನ ಹಿಂದೆ ಕೂತು ಅಂದ್ರಿ. ಈಗ ಅದಕ್ಕೂ ಮಿತಿ ಬಂತಾ? ಆ ಬ್ಯಾನರ್ ಮೇಲಿರೋರಿಗೂ ಅರವತ್ತೇ ಅಲ್ವಾ?"

"ಅವರ ಜೊತೆ ನಿನ್ನನ್ನ ಹೋಲಿಸ್ಕೋತೀಯಾ?" ಸಾಹೇಬನ ಮುಖ ಕೆಂಪಾಯಿತು. "ನಾಲಿಗೆ ಬಿಗಿ ಹಿಡಿ. ಆ ಅಂಗಿ ಒಗೆದು ನಾಳೆ ತಂದು ಮೊಳೆಗೆ ಹಾಕಿ ಹೋಗು. ಅದು ಸರ್ಕಾರದ್ದು."

ರೈಟರ್ ಬಾಗಿಲವರೆಗೆ ಬಂದ. "ಬಡವನ ಕೋಪ ದವಡೆಗೆ ಮೂಲ ಕಣಮ್ಮ," ಅಂದ. ಒಳ್ಳೆಯವನೇ. ಆದರೆ ಅಂಥ ಒಳ್ಳೆಯತನದಿಂದ ಯಾರ ಒಲೆಯೂ ಉರಿಯುವುದಿಲ್ಲ.

ಅವಳು ಅಂಗಿಯನ್ನು ಚೀಲದಲ್ಲಿ ತುರುಕಿಕೊಂಡು ಮನೆಗೆ ಬಂದಳು. ಒಗೆದಳು. ಕಲ್ಲಿಗೆ ಬಡಿದು ಬಡಿದು ಒಗೆದಳು, ಹರಿದುಹೋಗಲಿ ಅನ್ನುವಂತೆ. ಹಾಳು ಖಾಕಿ, ಹರಿಯಲಿಲ್ಲ. ಹಗ್ಗದ ಮೇಲೆ ಹರವಿ ಒಲೆ ಹಚ್ಚಲು ಕೂತಳು. ಗೀರಿದ ಮೊದಲ ಕಡ್ಡಿ ಮುರಿಯಿತು, ಎರಡನೆಯದೂ ಮುರಿಯಿತು.

ಸಂಜೆ ಅಂಗಿ ಒಣಗಿದೆಯೇ ನೋಡಲು ಬಂದರೆ ಹಗ್ಗದ ಮೇಲೆ ಇಲ್ಲ. ಒಳಗೆ ಕನ್ನಡಿಯ ಮುಂದೆ ಮಗಳು ಅದನ್ನು ತೊಟ್ಟು ನಿಂತಿದ್ದಳು. ಭುಜಕ್ಕೆ ಸರಿಯಾಗಿ ಕೂತಿತ್ತು. ಅಳತೆ ತೆಗೆದು ಹೊಲಿದರೂ ಅಷ್ಟು ಸರಿಯಾಗಿ ಕೂರುತ್ತಿರಲಿಲ್ಲ. ಅಮ್ಮನನ್ನು ಕಂಡದ್ದೇ ಮಗಳು ಗುಂಡಿ ಕಿತ್ತುಹೋಗುವಂತೆ ಬಿಚ್ಚಿ ಹಾಸಿಗೆಯ ಮೇಲೆ ಎಸೆದಳು.

"ಎಷ್ಟು ಒಗೆದ್ರೂ ಬೆವರು ವಾಸನೆ ಹೋಗಲ್ಲ ಇದ್ರದ್ದು."

"ನನ್ನ ಬೆವರೇ ತಾನೆ."

"ಅದಕ್ಕೇ ಹೇಳಿದ್ದು." ಮಗಳು ಆಚೀಚೆ ಓಡಾಡಿದಳು. ಆ ಕೋಣೆಯಲ್ಲಿ ಓಡಾಡಲು ಇದ್ದ ಜಾಗವೇ ನಾಲ್ಕು ಹೆಜ್ಜೆ. "ನಾಳೆ ನಾವೆಲ್ಲ ರಸ್ತೇಲಿ ಕೂರ್ತೀವಿ ಅಮ್ಮ. ನಿಮ್ಮ ಸ್ಟೇಷನ್ ಮುಂದೆ. ದೊಡ್ಡ ಸಾಹೇಬ್ರು ಬಂದು ಉತ್ತರ ಹೇಳೋವರೆಗೂ ಏಳಲ್ಲ."

ಅರ್ಧ ಪೊಲೀಸಮ್ಮ ಮಗಳ ತೋಳು ಹಿಡಿದು ನಿಲ್ಲಿಸಿದಳು. "ತಲೆ ಕೆಟ್ಟಿದೆಯಾ? ಎತ್ತಿ ವ್ಯಾನಿಗೆ ಹಾಕ್ತಾರೆ. ಕೇಸ್ ಬೀಳುತ್ತೆ. ಒಂದು ಸಲ ಕೇಸ್ ಬಿತ್ತು ಅಂದ್ರೆ ಆಮೇಲೆ ಮಿತಿ ಸಡಿಲಿಸಿದ್ರೂ ನಿನ್ನನ್ನ ತಗೊಳ್ಳಲ್ಲ. ಕೇಸ್ ಇರೋರಿಗೆ ಪೊಲೀಸ್ ಕೆಲಸ ಕೊಡಲ್ಲ ಕಣೇ."

"ಸುಮ್ನಿದ್ರೆ ಕೊಡ್ತಾರಾ?"

ಸುಮ್ಮನಿದ್ದವಳಿಗೆ ಏನು ಕೊಟ್ಟರು ಅನ್ನುವುದು ಹಾಸಿಗೆಯ ಮೇಲೆ ಮುದುಡಿ ಬಿದ್ದಿತ್ತು. ತನ್ನನ್ನು ಕೆಲಸದಿಂದ ತೆಗೆದ ಸುದ್ದಿಯನ್ನು ಅವಳು ಆಗ ಹೇಳಿದಳು. ಮಗಳು ಕೇಳಿಸಿಕೊಂಡು ಜೋರಾಗಿ ನಕ್ಕಳು, ನಗುತ್ತಲೇ ಅತ್ತಳು. "ನಿನಗೆ ನಿವೃತ್ತಿ! ಪೊಲೀಸಾಗದೇನೇ ನಿವೃತ್ತಿ!" ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಹೊತ್ತೇರುವಾಗ ಅವಳು ಮಡಿಸಿದ ಅಂಗಿ ಹಿಡಿದು ಸ್ಟೇಷನ್ನಿನ ಹಿಂಬಾಗಿಲಿಂದ ಬಂದಳು. ಮುಂಬಾಗಿಲಿಗೆ ಹೋಗಲು ಜಾಗವಿರಲಿಲ್ಲ. ರಸ್ತೆಯ ತುಂಬ ಹುಡುಗಿಯರು. ಓಟದ ಬೂಟು ಹಾಕಿಕೊಂಡೇ ಬಂದಿದ್ದರು. ಸಾಲು ಸಾಲಾಗಿ, ಕೈಗೆ ಕೈ ಹೆಣೆದು ಕೂತಿದ್ದರು. ಬಸ್ಸು, ಲಾರಿ ಎಲ್ಲ ನಿಂತು ಹಾರ್ನ್ ಬಡಿಯುತ್ತಿದ್ದವು. ಜನ ಮಹಡಿಗಳ ಮೇಲೆ ನಿಂತು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು. ಗಂಡು ಪೇದೆಗಳು ಲಾಠಿ ಹಿಡಿದು ಸುಮ್ಮನೆ ನಿಂತಿದ್ದರು. ಅಷ್ಟು ಫೋನುಗಳ ಎದುರಿಗೆ ಯಾವನು ಹುಡುಗಿಯ ಮೈಗೆ ಕೈ ಹಾಕುತ್ತಾನೆ?

ಅವಳು ಅಂಗಿಯನ್ನು ಮೊಳೆಗೆ ಹಾಕಿದಳು. ಹೊರಡಬೇಕೆನ್ನುವಷ್ಟರಲ್ಲಿ ಸಾಹೇಬ ಓಡಿಬಂದ.

"ಬಂದ್ಯಾ! ಎಲ್ಲಿ ಹೋಗಿದ್ದೆ ಬೆಳಗ್ಗಿಂದ?"

"ಬರ್ಬೇಡ ಅಂದಿದ್ರಲ್ಲ."

"ಅದೆಲ್ಲ ಆಮೇಲೆ. ಅಂಗಿ ಹಾಕ್ಕೋ. ಮುಂದಿನ ಸಾಲಲ್ಲಿ ಇರೋರನ್ನ ಎಳೆದು ವ್ಯಾನಿಗೆ ಹಾಕು. ಅವರೇ ಮುಖ್ಯ. ಅವರು ಹೋದ್ರೆ ಉಳಿದೋರು ಚದುರ್ತಾರೆ."

ಅವಳು ಅಲ್ಲಾಡಲಿಲ್ಲ. ಸಾಹೇಬ ದನಿ ತಗ್ಗಿಸಿದ. ನಿನ್ನೆಯ ಕೆಂಪು ಮುಖ ಇವತ್ತು ಬೆಣ್ಣೆಯಾಗಿತ್ತು.

"ನೋಡಮ್ಮ, ನಿನ್ನ ವಿಷಯ ನಾನು ಮಾತಾಡ್ತೀನಿ. ಇನ್ನೆರಡು ವರ್ಷ ಇರು. ಯಾರೂ ಕೇಳಲ್ಲ. ಅರವತ್ತು ಗಿರವತ್ತು ಎಲ್ಲ ಹೇಳೋಕಷ್ಟೇ."

ಅಮ್ಮ ಅಂದ. ಇಷ್ಟು ವರ್ಷದಲ್ಲಿ ಆ ಕುರ್ಚಿಯ ಸಾಹೇಬರ ಬಾಯಲ್ಲಿ ಮೊದಲ ಸಲ ಬಂದ ಮಾತು. ಕೆಲಸಕ್ಕೆ ಬೇಕಾದಾಗ ಕತ್ತೆಯ ಕಾಲನ್ನೂ ಹಿಡಿಯುತ್ತಾರೆ. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷ ಅನ್ನುವ ಮಾತು ಕಿವಿಯಲ್ಲಿ ನಿಂತಿತು. ಎರಡು ವರ್ಷದ ಅಕ್ಕಿ. ಎರಡು ವರ್ಷದ ಬಾಡಿಗೆ. ಸುಳ್ಳು ಯಾಕೆ ಹೇಳಲಿ, ಕೈ ತಾನಾಗಿಯೇ ಮೊಳೆಯ ಕಡೆ ಹೋಯಿತು.

ಅಂಗಿ ತೊಟ್ಟಳು. ಕಿತ್ತುಹೋದ ಗುಂಡಿಯ ಜಾಗಕ್ಕೆ ಪಿನ್ನು ಚುಚ್ಚಿಕೊಂಡಳು. ಮೆಟ್ಟಿಲಿಳಿದಳು.

ಬಿಸಿಲು ಕಣ್ಣಿಗೆ ಹೊಡೆಯಿತು. ಹುಡುಗಿಯರ ಕೂಗು ಒಂದು ಕ್ಷಣ ನಿಂತಿತು. ಖಾಕಿ ತೊಟ್ಟ ಹೆಂಗಸನ್ನು ಕಂಡು ಕೆಲವರು ಕೈ ಇನ್ನೂ ಬಿಗಿಯಾಗಿ ಹೆಣೆದುಕೊಂಡರು. ಮುಂದಿನ ಸಾಲಿನ ಮಧ್ಯದಲ್ಲಿ ಮಗಳಿದ್ದಳು. ಹೊಲಿದ ಬೂಟು. ಬಿಸಿಲಿಗೆ ಕೆಂಡವಾದ ಮುಖ. ಅಮ್ಮನನ್ನು ನೋಡಿದಳು. ಎದೆಯ ಮೇಲಿನ ಎರಡು ತೂತು ನೋಡಿದಳು. ಆಮೇಲೆ ರಸ್ತೆ ನೋಡಿದಳು.

"ಅದೇ, ಮಧ್ಯದಲ್ಲಿ ಇರೋಳು!" ಹಿಂದಿನಿಂದ ಸಾಹೇಬ ಕೂಗಿದ. ಅವನಿಗೇನು ಗೊತ್ತು? ಕಸದವಳಿಗೊಬ್ಬಳು ಮಗಳಿದ್ದಾಳೆ ಅಂತ ಅವನು ಕೇಳಿದವನೇ ಅಲ್ಲ.

ಕೂತವಳನ್ನು ಎಬ್ಬಿಸುವುದು ಅವಳ ಕೈಗೆ ರೂಢಿಯಾದ ಕೆಲಸ. ಹಿಂದಿನಿಂದ ಹೋಗಬೇಕು. ಕಂಕುಳಿಗೆ ಎರಡೂ ಕೈ ಹಾಕಬೇಕು. ಮಂಡಿ ಬೆನ್ನಿಗೆ ಒತ್ತಿ ಒಂದೇ ಸಲ ಮೇಲೆತ್ತಬೇಕು. ಯೋಚಿಸಿದರೆ ಆಗುವುದಿಲ್ಲ. ಅವಳು ಹಿಂದಿನಿಂದ ಹೋದಳು. ಬಗ್ಗಿದಳು. ಕಂಕುಳಿಗೆ ಕೈ ಹಾಕಿದಳು. ಮಗಳು ಚಿಕ್ಕವಳಿದ್ದಾಗ ಇದೇ ಕಂಕುಳು ಹಿಡಿದು ಬಚ್ಚಲಲ್ಲಿ ನಿಲ್ಲಿಸಿ ನೀರು ಹುಯ್ದಿದ್ದಳು.

ಮಗಳು ತಿರುಗಲಿಲ್ಲ. "ಎಳಿ ಅಮ್ಮ," ಅಂದಳು ಮೆಲ್ಲಗೆ. "ಅಭ್ಯಾಸ ಇದೆಯಲ್ಲ ನಿನಗೆ."

ಮಂಡಿ ಒತ್ತಬೇಕಿತ್ತು. ಮಂಡಿ ಮಡಚಿಕೊಂಡಿತು.

ಅರ್ಧ ಪೊಲೀಸಮ್ಮ ಕುಸಿದಳು ಅಂತ ಮಹಡಿಯ ಮೇಲಿದ್ದವರು ಅಂದುಕೊಂಡರು. ಅಲ್ಲ. ಅವಳು ಕೂತಳು. ಕಾಲು ಸರಿಪಡಿಸಿಕೊಂಡು, ಮಗಳ ಪಕ್ಕದ ಹುಡುಗಿಯನ್ನು "ಸ್ವಲ್ಪ ಸರಿಯೇ ತಾಯಿ, ಮುದುಕಿಗೆ ಜಾಗ ಬಿಡು" ಅಂತ ತಳ್ಳಿ, ಸಾಲಿನೊಳಗೆ ಕೂತಳು. ರಸ್ತೆಯ ಟಾರು ಕಾದಿತ್ತು. ಕುಂಡೆ ಸುಟ್ಟಿತು. ಮಗಳ ಮೊಣಕೈಗೆ ತನ್ನ ಮೊಣಕೈ ಹೆಣೆದಳು.

"ಏನ್ ಮಾಡ್ತಿದ್ದೀಯಾ ನೀನು?" ಸಾಹೇಬ ಮುಂದೆ ಬಂದು ನಿಂತ. "ಎದ್ದೇಳು!"

"ನನಗೆ ವಯಸ್ಸಾಯ್ತು ಸಾಹೇಬ್ರೆ. ನೀವೇ ಹೇಳಿದ್ರಲ್ಲ. ಏಳೋಕಾಗಲ್ಲ."

ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದರು. ಸಾಹೇಬನ ಹಣೆಯಿಂದ ಬೆವರಿಳಿಯಿತು. ಮಹಡಿಗಳ ಮೇಲಿನ ಫೋನುಗಳೆಲ್ಲ ಅವನತ್ತ ತಿರುಗಿದ್ದವು.

"ಅಂಗಿ ಬಿಚ್ಚು. ಅದು ಸರ್ಕಾರದ್ದು. ಅದನ್ನ ಹಾಕ್ಕೊಂಡು ಇಲ್ಲಿ ಕೂರೋಕೆ ನಿನಗೆ ಹಕ್ಕಿಲ್ಲ. ನೀನು ಪೊಲೀಸ್ ಅಲ್ಲ."

"ಈ ಮಾತನ್ನ ಜೋರಾಗಿ ಹೇಳಿ," ಅಂದಳು ಅವಳು. "ಎಲ್ರಿಗೂ ಕೇಳಿಸ್ಲಿ. ನಾನು ಪೊಲೀಸ್ ಅಲ್ಲ. ಹಾಗಾದ್ರೆ ಇಷ್ಟು ವರ್ಷ ಈ ಊರಿನ ಹೆಂಗಸರ ಮೈ ಹುಡುಕಿದ್ದು ಯಾರು? ಹೆಣ ಎಳೆದಿದ್ದು ಯಾರು? ಈ ಕೈ ಕಚ್ಚಿಸ್ಕೊಂಡಿದ್ದು ಯಾರು?" ಮಣಿಕಟ್ಟು ಎತ್ತಿ ತೋರಿಸಿದಳು.

"ಬಿಚ್ಚು ಅಂದೆ!"

"ಬಿಚ್ಚಲ್ಲ."

ಪೇದೆಯೊಬ್ಬ ಮುಂದೆ ಬಂದು ಕಾಲರಿನ ಕಡೆ ಕೈ ಚಾಚಿದ. ಅವಳು ಅವನ ಮುಖ ನೋಡಿದಳು. ಅವನ ವಾಂತಿಯನ್ನೂ ಒಮ್ಮೆ ಬಳಿದಿದ್ದಳು.

"ಕೈ ಹಿಂದಕ್ಕೆ ತಗೊಳಪ್ಪ. ಹೆಂಗಸಿನ ಮೈ ಮುಟ್ಟಬೇಕಾದ್ರೆ ಹೆಂಗಸೇ ಮುಟ್ಟಬೇಕು. ನಿಮ್ಮದೇ ಕಾನೂನು. ಆ ಕಾನೂನಿಗೋಸ್ಕರ ತಾನೆ ನನಗೆ ಈ ಅಂಗಿ ಹಾಕಿಸಿದ್ದು?" ಆಮೇಲೆ ಸಾಹೇಬನ ಕಡೆ ತಿರುಗಿದಳು. "ಈ ಅಂಗಿ ಬಿಚ್ಚಿಸ್ಬೇಕಾ? ಹೆಣ್ಣು ಪೊಲೀಸ್ ಕರ್ಸಿ."

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಜೇಬಿಗೆ ಹೋಯಿತು.

"ಕರ್ಸಿ!" ಹಿಂದಿನ ಸಾಲಿನಿಂದ ಒಂದು ದನಿ ಬಂತು. "ಹೆಣ್ಣು ಪೊಲೀಸ್ ಕರ್ಸಿ!" ಇನ್ನೊಂದು ದನಿ. ಆಮೇಲೆ ಇಡೀ ರಸ್ತೆ. ನಿಂತ ಬಸ್ಸಿನೊಳಗಿನ ಹೆಂಗಸರೂ ಕಿಟಕಿಗೆ ಬಡಿಯತೊಡಗಿದರು. ಮಗಳು ಎಲ್ಲರಿಗಿಂತ ಜೋರಾಗಿ ಕೂಗಿದಳು. "ಎಲ್ಲಿದ್ದಾರೆ ಹೆಣ್ಣು ಪೊಲೀಸು? ನೀವು ಬೇಡ ಅಂದ ಹೆಣ್ಣು ಪೊಲೀಸೆಲ್ಲ ಇಲ್ಲೇ ರಸ್ತೇಲಿ ಕೂತಿದ್ದೀವಿ!"

ಸಾಹೇಬ ತಿರುಗಿ ಸ್ಟೇಷನ್ನಿನ ಕಡೆ ಅರಚಿದ. "ರೈಟರ್! ಹೆಡ್ ಆಫೀಸಿಗೆ ಫೋನ್ ಮಾಡು! ಮಹಿಳಾ ಸಿಬ್ಬಂದಿ ಕಳಿಸೋಕೆ ಹೇಳು! ಈಗಲೇ!"

ಕಿಟಕಿಯಲ್ಲಿ ರೈಟರ್ ಫೋನ್ ಹಿಡಿದು ನಿಂತದ್ದು ಕಾಣುತ್ತಿತ್ತು. ಏನೋ ಕೇಳಿದ. ತಲೆಯಾಡಿಸಿದ. ಮತ್ತೇನೋ ಹೇಳಿದ. ಫೋನನ್ನು ಕಿವಿಯಿಂದ ತೆಗೆದು ನೋಡಿದ, ಮತ್ತೆ ಕಿವಿಗೆ ಹಿಡಿದ. ಕೊನೆಗೆ ಮೆಟ್ಟಿಲಿಗೆ ಬಂದು ನಿಂತ. ಕೂಗು ತಗ್ಗಿತು. ಏನು ಹೇಳುತ್ತಾನೆ ಅಂತ ಎಲ್ಲರಿಗೂ ಕುತೂಹಲ.

"ಅಲ್ಲಿ ಯಾರೂ ಇಲ್ವಂತೆ ಸಾರ್."

"ಇಲ್ಲ ಅಂದ್ರೆ? ಒಬ್ಬಳೂ ಇಲ್ವಾ?"

ರೈಟರ್ ಸಾಲಿನ ಕಡೆ ತಿರುಗಿದ. ಅವಳನ್ನು ನೋಡಿದ. ಈ ಸಲ ಕೆಮ್ಮಲಿಲ್ಲ. ಬೇಕೆಂದೇ ದನಿಯೆತ್ತಿ ಹೇಳಿದ.

"ನಿಮ್ಮ ಸ್ಟೇಷನ್ನಲ್ಲೇ ಒಬ್ಬರಿದ್ದಾರಲ್ಲ, ಪ್ರತಿ ವರದಿಯಲ್ಲೂ ಬರೀತೀರಲ್ಲ, ಅವರನ್ನೇ ಬಳಸ್ಕೊಳ್ಳಿ ಅಂತಿದ್ದಾರೆ ಸಾರ್. ಅವರ ಹೆಸರೇನು ಅಂತ ಕೇಳ್ತಿದ್ದಾರೆ."

ಸಾಹೇಬ ಬಾಯಿ ತೆರೆದ. ಅವನಿಗೆ ಆ ಹೆಸರು ಗೊತ್ತಿರಲಿಲ್ಲ. ಸಾಲಿನಲ್ಲಿ ಕೂತಿದ್ದ ಅರ್ಧ ಪೊಲೀಸಮ್ಮ ಎದೆಯ ಮೇಲಿನ ಎರಡು ತೂತುಗಳ ಮೇಲೆ ಕೈಯಿಟ್ಟುಕೊಂಡು, ಅವನು ಬಂದು ತನ್ನನ್ನೇ ಕೇಳಲಿ ಅಂತ ಕಾದಳು.